ಬೀಳು

ಕಾರಡ್ಕ ದಾಟಿ ಬಸ್ಸಿಳಿದಾಗ ಏಳೂ ಕಾಲು.
ನನ್ನ ಬೆನ್ನಿಗೆ ಹನ್ನೊಂದು ಕಿಲೋ ಚೀಲ,
ಅಂಗಾರುವಿನ ಸೊಂಟದಲ್ಲಿ ಒಂದು ಕತ್ತಿ,
ಎಲೆಯಡಿಕೆಯ ಸಂಚಿ. ಅಷ್ಟೆ.

ಗೇಟಿನಲ್ಲಿ ನನಗೆ ಚೀಟಿ ಹರಿದು ಕೊಟ್ಟರು:
ಪ್ರವೇಶಕ್ಕೆ ನೂರು, ಕ್ಯಾಮೆರಾಕ್ಕೆ ಬೇರೆ.
ಅವಳಿಗೆ ಚೀಟಿ ಇಲ್ಲ, ಪ್ರಶ್ನೆ ಇತ್ತು.
ಎಷ್ಟು ಬೀಳು? ಯಾವ ಕಡೆ? ಹೋದ ತಿಂಗಳೂ ಬಂದಿದ್ದೆಯಲ್ಲ?
ಮಲಯಾಳದಲ್ಲಿ ಏನೋ ಅಂದಳು; ಕಾವಲಿನ ಹುಡುಗ
ತಲೆ ತಗ್ಗಿಸಿ ಕೋಲು ಎತ್ತಿದ.
"ಇವನು ಮಲಗಿದ ತೊಟ್ಟಿಲು ಹೆಣೆದದ್ದು ನಾನೇ ಮಾರಾಯ,"
ಎಂದಳು ಆಮೇಲೆ, ನನ್ನ ಕಡೆ ತಿರುಗದೆ.

ಹೊರಗೆ ಕುಂಭ ಮಾಸದ ಬಿಸಿಲು.
ಹತ್ತು ಹೆಜ್ಜೆ ಒಳಗೆ ಬಂದರೆ
ನೆನೆಸಿಟ್ಟ ಬಟ್ಟೆಯ ಹಾಗೆ ತಂಪು ನೆಲ,
ಮೊಣಕಾಲು ಮಡಚಿ ಕೆಸರಿನಿಂದೆದ್ದ ಬೇರುಗಳು.
ಅಲ್ಲಿ ನಿಂತು ಅವಳು ಕೆಮ್ಮಿದಳು.
ನೆಗಡಿಯೇ ಎಂದು ಕೇಳಿದೆ.
"ಇನ್ನೊಬ್ಬರ ಮನೆ ಬಾಗಿಲಲ್ಲಿ
ನೀವು ಕೆಮ್ಮುವುದಿಲ್ಲವಾ?"

ನಾನೂ ಕೆಮ್ಮಿದೆ. ಸುಳ್ಳು ಕೆಮ್ಮು.
ಕಾಡಿಗೆ ಅದು ಗೊತ್ತಾಗಿರಬೇಕು:
ಬೀಳು ಎಂದರೆ ಅವಳಿಗೆ ಬುಟ್ಟಿ, ತೊಟ್ಟಿಲು, ಅಕ್ಕಿ.
ನನ್ನ ಮಟ್ಟಿಗೆ ಆ ದಿನ ಅದು ಬರಿಯ ಕ್ರಿಯಾಪದ;
ಮೂರು ಸಲ ಬಿದ್ದೆ.

ಮೇಲೆ ಯಾರೋ ಹಳೆಯ ಚಾಪೆ ಕೊಡವಿದ ಸದ್ದು.
ಮಂಗಟ್ಟೆ!
ಹಳದಿ ಕೊಕ್ಕಿನಲ್ಲಿ ಕೆಂಪು ಚೂರೊಂದನ್ನು ಕಚ್ಚಿಕೊಂಡು
ಮರದ ಪೊಟರೆಯ ಸೀಳಿಗೆ ಬಗ್ಗಿತು.
ನಾನು ಉದ್ದದ ಲೆನ್ಸು ಸಿಕ್ಕಿಸಿ ಎರಡು ಹೆಜ್ಜೆ ಇಟ್ಟೆ.
ಮೂರನೆಯದಕ್ಕೆ ಎದುರು ಅಂಗಾರು,
ಲೆನ್ಸಿನ ತುಂಬ ಅವಳ ಸೀರೆಯ ಮಾಸಿದ ಹೂವು.
"ಒಳಗೆ ಬಾಣಂತಿ ಇದ್ದಾಳೆ.
ಬಾಗಿಲಿಗೆ ಮಣ್ಣು ಮೆತ್ತಿ ಕೂತಿದ್ದಾಳೆ.
ಗಂಡ ತಂದರೆ ಊಟ, ಹೆದರಿ ಹೋದರೆ ಇಲ್ಲ.
ನಿಮ್ಮಲ್ಲಿ ಬಾಣಂತಿ ಕೋಣೆಗೆ ಗಂಡಸರು ಇಣುಕುವುದುಂಟಾ?"

ಕ್ಯಾಮೆರಾಕ್ಕೆ ಕೊಟ್ಟ ದುಡ್ಡು ಹೋಯಿತು.

ಬುಡದಲ್ಲಿ ರಾಮಪತ್ರೆ ಚೆಲ್ಲಿತ್ತು,
ಕರಿಯ ಬೀಜಕ್ಕೆ ಕೆಂಪು ಬಲೆ ಹೊದೆಸಿದ ಹಾಗೆ.
"ಅದು ಅವಳ ಬುತ್ತಿ," ಎಂದು ದಾಟಿ ಹೋದಳು.
ನಾನು ಬಗ್ಗಿ ನೋಡುತ್ತ ಸ್ವಲ್ಪ ಹಿಂದುಳಿದೆ.

ಬೀಳು ತೆಗೆಯುವುದು ನೋಡಲು ಏನೂ ಇಲ್ಲ.
ಉಗುರಿನಿಂದ ಗೀರುತ್ತಾಳೆ, ಮೂಸುತ್ತಾಳೆ, ಬಿಡುತ್ತಾಳೆ.
ಇದು ಎಳೆಯದು. ಇದು ಮರವನ್ನು ಅಪ್ಪಿದೆ. ಇದರ ಮೇಲೆ ಇರುವೆಗಳ ದಾರಿ.
ಹಾಗೆ ಬಿಟ್ಟು ಬಿಟ್ಟು ಮಧ್ಯಾಹ್ನಕ್ಕೆ ಹನ್ನೆರಡು.
ಇಪ್ಪತ್ತು ಬೇಕಿತ್ತಲ್ಲ ಎಂದೆ.
"ಬೇಕಿತ್ತು," ಎಂದಳು.
ಉಳಿದದ್ದಕ್ಕೆ ಮುಳ್ಳೇರಿಯದ ಅಂಗಡಿಯ ಪ್ಲಾಸ್ಟಿಕ್ ಪಟ್ಟಿ ಉಂಟಂತೆ,
ಟಿ.ವಿ. ಪೆಟ್ಟಿಗೆಗೆ ಕಟ್ಟಿ ಬರುವುದು, ನೀಲಿ.
ಮೊಮ್ಮಗಳಿಗೆ ಅದೇ ಇಷ್ಟ: ಕೈ ಕೊಯ್ಯುತ್ತದೆ, ಕೊಳೆಯುವುದಿಲ್ಲ.

ಪುಸ್ತಕ ಬಿಚ್ಚಿ ಈ ಬಳ್ಳಿಯ ಹೆಸರು ಕೇಳಿದೆ.
ಅವಳ ಭಾಷೆಯಲ್ಲಿ ಹೇಳಿದಳು,
ನೀರಿಗೆ ಕಲ್ಲು ಜಾರಿದಷ್ಟು ಸಣ್ಣ ಮಾತು.
ಪೆನ್ನು ಇಳಿಯುವ ಮೊದಲು ಕೈ ಹಿಡಿದಳು.
"ಒಬ್ಬ ಬರೆದುಕೊಂಡು ಹೋದ.
ಮರುವರ್ಷ ಪಿಕಪ್ಪಿನಲ್ಲಿ ಬಂದರು."

ಆದ್ದರಿಂದ ಇಲ್ಲಿ ಒಂದು ಪದದಷ್ಟು ಜಾಗ
ಖಾಲಿ ಇದೆ. ಓದುವವರು ದಾಟಿ ಹೋಗಬೇಕು,
ಇರುವೆಯ ಸಾಲನ್ನು ದಾಟುವ ಹಾಗೆ, ಕಾಲೆತ್ತಿ.

ಗೇಟಿನಲ್ಲಿ ಅವಳ ಕಟ್ಟು ಬಿಚ್ಚಿಸಿದರು.
ಒಂದು, ಎರಡು, ಹನ್ನೆರಡರವರೆಗೆ ಎಣಿಸಿದರು.
ನನಗೆ "ಮತ್ತೆ ಬನ್ನಿ ಸರ್" ಎಂದರು.

ಬೋವಿಕ್ಕಾನದ ಹತ್ತಿರ
ಟಿಕೇಟಿಗೆಂದು ಚಿಲ್ಲರೆ ಹುಡುಕಿದಾಗ
ಜೇಬಿನಲ್ಲಿ ಒದ್ದೆ, ಬೆರಳಿಗೆ ಕೆಂಪು.
ಕರಿಯದೊಂದು ಬೀಜ, ಬಲೆ ಸಮೇತ.
ಯಾವಾಗ ಎತ್ತಿಕೊಂಡೆನೋ.

ಕಂಡಕ್ಟರ್ ಎಲ್ಲಿಗೆ ಎಂದು ಮತ್ತೆ ಕೇಳುತ್ತಾನೆ.
ಇಳಿದು ರಸ್ತೆ ದಾಟಿದೆ.
ಆ ಕಡೆಯ ಬಸ್ಸು ಎಷ್ಟು ಹೊತ್ತಿಗೋ.
ಬೀಡಾ ಅಂಗಡಿಯವನು ನೋಡುತ್ತಿದ್ದಾನೆ,
ಸುಮ್ಮನೆ ನಿಂತು ಕೆಮ್ಮುತ್ತಿರುವ ನನ್ನನ್ನು.