ಗೋಡೆಯಾಚೆ

ಹನ್ನೆರಡನೇ ನಂಬರಿನ ಟ್ರಾಮನ್ನು ಡಿಪೋದಲ್ಲಿ ಬಿಟ್ಟು
ಸಮವಸ್ತ್ರದ ಮೇಲೇ ಕೋಟು ತೊಟ್ಟು ಓಡಿದೆ.
ವೂಚ್ ಊರಿನ ಹಳೇ ನೂಲಿನ ಗಿರಣಿ:
ಅಮ್ಮ ಹತ್ತೊಂಬತ್ತು ವರ್ಷ ದುಡಿದು
ಕಿವಿ ಕಳೆದುಕೊಂಡ ಜಾಗ.
ಈಗ ಅಲ್ಲಿ ದುಡ್ಡು ಕೊಟ್ಟು
ಕಳೆದುಕೊಳ್ಳಬಹುದು.

ಬಾಗಿಲಲ್ಲಿ ಕೈಗೆ ಮುದ್ರೆ ಒತ್ತುವ ಹುಡುಗ
"ಮಗನನ್ನು ಹುಡುಕಿಕೊಂಡು ಬಂದಿರಾ ಮೇಡಂ?" ಅಂದ.
ತಕ್ಕ ಉತ್ತರ ನನಗೆ ಯಾವಾಗಲೂ ಮಾರನೇ ದಿನ ಹೊಳೆಯುತ್ತದೆ.
ಟಿಕೆಟ್ಟು ತೋರಿಸಿದೆ, ಅಷ್ಟೆ.

ತಂಡದ ಹೆಸರು 'ಒದ್ದೆ ಕಡ್ಡಿಪೆಟ್ಟಿಗೆ'.
ಹೊತ್ತಿಕೊಳ್ಳುವ ಆಸೆಯನ್ನು ಹೆಸರಿಡುವಾಗಲೇ ಬಿಟ್ಟವರು.
ಎರಡು ಕ್ಯಾಸೆಟ್ಟು, ಒಂದು ಜಗಳ,
ಆಮೇಲೆ ಇಪ್ಪತ್ತಾರು ವರ್ಷ ಸದ್ದಿಲ್ಲ.
ಡ್ರಮ್ಮಿನವ ಹಲ್ಲಿನ ಡಾಕ್ಟರಾದನಂತೆ.

ಆ ಒಂದು ಹಾಡು ನನಗೆ ಸಿಕ್ಕಿದ್ದು ಗೋಡೆಯಿಂದ.
ಅಣ್ಣ ವಿತೆಕ್ ಚಿಲಕ ಹಾಕಿಕೊಂಡು ಕೇಳುತ್ತಿದ್ದ,
ಈಚೆ ನಾನು, ಹದಿಮೂರರವಳು,
ಕಾಂಕ್ರೀಟಿಗೆ ಕೆನ್ನೆ ಒತ್ತಿ.
ಗಿಟಾರು ಗೋಡೆ ದಾಟುತ್ತಿರಲಿಲ್ಲ,
ಮಾತಂತೂ ಇಲ್ಲವೇ ಇಲ್ಲ.
ಬೇಸ್ ಒಂದೇ ಬರುತ್ತಿತ್ತು,
ನೆಲದಡಿ ಯಾರೋ ಟ್ರಂಕು ಎಳೆದಾಡಿದ ಹಾಗೆ.
ಮಾತನ್ನು ನಾನೇ ಕಟ್ಟಿಕೊಂಡೆ.
ವರ್ಷದ ಮೇಲೆ ಕ್ಯಾಸೆಟ್ಟು ಕದ್ದು ಕೇಳಿದರೆ
ಅವರ ಸಾಲುಗಳು ನನ್ನವಕ್ಕಿಂತ
ಒಂದು ಚಿಟಿಕೆ ಉಪ್ಪು ಕಮ್ಮಿ.
ಯಾರಿಗೂ ಹೇಳಿಲ್ಲ ಇದನ್ನ.

ವಿತೆಕ್ ಈಗ ಶ್ಚೆಚಿನ್‌ನಲ್ಲಿ ಬಚ್ಚಲಮನೆ ಟೈಲ್ಸ್ ಮಾರುತ್ತಾನೆ.
ಬರುತ್ತೀಯಾ ಅಂತ ಫೋನು ಮಾಡಿದೆ.
"ಯಾವ ತಂಡ?" ಅಂದ.
ತಮಾಷೆ ಅಲ್ಲ, ನಿಜಕ್ಕೂ ಮರೆತಿದ್ದ.

ದೀಪ ಆರಿತು.
ನಾಲ್ಕು ಜನ ಬಂದರು, ದಿನಸಿಗೆ ಬಂದವರ ಹಾಗೆ.
ಹಾಡುವವನಿಗೆ ಹೊಟ್ಟೆ ಬಂದಿದೆ.
ಸಾಲು ಬರೆದ ಚೀಟಿ ಕಾಲ ಬಳಿ ಅಂಟಿಸಿದ್ದಾನೆ,
ಕಾಣದೆ ಬಗ್ಗುತ್ತಾನೆ,
ಅವನು ಬಗ್ಗಿದಾಗ ನಾವು ನಾನೂರು ಜನವೂ
ಒಂದಿಷ್ಟು ಬಗ್ಗುತ್ತೇವೆ.

ಮೊದಲ ಪೆಟ್ಟಿಗೇ ಪಕ್ಕೆಲುಬು ನಡುಗಿತು.
ಯಾರದೋ ಮೊಣಕೈ, ಯಾರದೋ ಬಿಯರು, ಯಾರದೋ ಬೆವರು.
ನೂಕುನುಗ್ಗಲು ನನಗೆ ಹೊಸದಲ್ಲ,
ದಿನವೂ ಬೆನ್ನ ಹಿಂದೆ ಹೊರುತ್ತೇನೆ,
ಆದರೆ ನಡುವೆ ಗಾಜಿರುತ್ತದೆ.
ಇಲ್ಲಿ ಬ್ರೇಕು ನನ್ನ ಕೈಯಲ್ಲಿಲ್ಲ.
ಕುಣಿದೆ. ಮಂಡಿ ಗೊಣಗಿತು.
ಗೊಣಗಲಿ.

ಒಂಬತ್ತು ಹಾಡು ಆಯಿತು. ಬೇಸಿನವಳು
ಎರಡು ಹೆಜ್ಜೆ ಮುಂದೆ ಬಂದಳು.
ಗೊತ್ತಾಯಿತು.
ಸರಿಯಾಗಿ ಆಗಲೇ ಪಕ್ಕದ ಹುಡುಗ,
ಕಡ್ಡಿಯಂಥವ, ಉಗುರಿಗೆ ಕಪ್ಪು ಬಣ್ಣ,
ಕಣ್ಣು ಮೇಲೆ ಮಾಡಿ
ನನ್ನ ಹೆಗಲಿಗೊರಗಿ ಜಾರಿದ.

ಮೂವತ್ತನಾಲ್ಕು ವರ್ಷ ಕಾದ ಹಾಡು.
ಸುಳ್ಳೇಕೆ, ಒಂದು ಗಳಿಗೆ
ಬಿದ್ದಿರಲಿ ಅನ್ನಿಸಿತು.
ಆಮೇಲೆ ಕಂಕುಳಿಗೆ ಕೈಹಾಕಿ ಎಳೆದೆ,
ಕಾಲು ತುಳಿದೆ, ಬೈಸಿಕೊಂಡೆ,
ಭಾರದ ಬಾಗಿಲು ಬೆನ್ನಿನಿಂದ ತಳ್ಳಿ ಓಣಿಗೆ ತಂದೆ.

ಹೆಸರು ತಿಮೋನ್. ಬೆಳಗಿನಿಂದ ಏನೂ ತಿಂದಿಲ್ಲ,
ಇದ್ದದ್ದೆಲ್ಲ ಟಿಕೆಟ್ಟಿಗೆ.
ಚೀಲದಲ್ಲಿ ನನ್ನ ಮಧ್ಯಾಹ್ನದ ಬ್ರೆಡ್ಡಿತ್ತು,
ಹುಳಿ ಸೌತೆಕಾಯಿ ಇಟ್ಟದ್ದು. ಕೊಟ್ಟೆ.
ಇಟ್ಟಿಗೆಗೆ ಒರಗಿ ನೆಲದ ಮೇಲೆ ಕೂತೆವು.

ಆಚೆ ಹಾಡು.
ಗಿಟಾರು ದಾಟಲಿಲ್ಲ,
ಮಾತಂತೂ ಇಲ್ಲವೇ ಇಲ್ಲ.
ನೆಲದಡಿ ಟ್ರಂಕು ಎಳೆಯುತ್ತಿದ್ದರು.

"ನನ್ನಿಂದ ನಿಮಗೆ ಹಾಡು ತಪ್ಪಿತು" ಅಂದ, ಬಾಯಿತುಂಬ ಬ್ರೆಡ್ಡು.
ಸುಮ್ಮನಿರು ಅಂತ ಬೆರಳೆತ್ತಿದೆ,
ಗೋಡೆಗೆ ಕೆನ್ನೆ ಒತ್ತಿ,
ಮೊದಲ ಸಲ ಬಾಯಿಬಿಟ್ಟು ಹಾಡಿದೆ,
ನನ್ನ ಸಾಲುಗಳನ್ನ.

"ರೆಕಾರ್ಡಿನಲ್ಲಿ ಬೇರೆ ಥರ ಇದೆಯಲ್ಲಾ" ಅಂದ.
ಇದೆ, ಅಂದೆ.
ನೀನು ತಿನ್ನು.