ಎರಡು ಕೀಲಿಯ ಕಪಾಟು

ಮಾರ್ಫಿನ್ ಇಡೂ ಕಪಾಟಿಗೆ ಎರಡು ಕೀಲಿ.
ಒಂದರ ಚಾವಿ ನನ್ನ ಸೊಂಟದಾಗ,
ಇನ್ನೊಂದು ಡಾಕ್ಟರ್ ಕಲಘಟಗಿಯವರ ಕಿಸೆದಾಗ.
ಆರು ವರ್ಷದ ಹಿಂದ ಅವರದು ಕಳೀತು,
ಚಿಗರಿ ಬಸ್ಸಿನ್ಯಾಗೋ ಚಾದಂಗಡ್ಯಾಗೋ,
ದುರ್ಗದಬೈಲಿನಿಂದ ಮಕ್ತುಮಸಾಬನ್ನ ಕರೆಸಿದ್ವಿ.
ಕಿವಿ ಹಚ್ಚಿದ, ತಂತಿ ತೂರಿದ, ಕಣ್ಣು ಮುಚ್ಚಿದ.
ತೆರೀತು.
ಹೊಸ ಚಾವಿ ಅರದು ಕೊಟ್ಟು
"ಚೂರು ಎತ್ತಿ ತಿರುವ್ರಿ" ಅಂದ,
ನಲವತ್ತು ರೂಪಾಯಿ ಹೆಚ್ಚಿಗಿ ಇಸ್ಕೊಂಡ.

ಈಗ ಅವನಽ ಬಂದಾನ, ನವನಗರದ ಈ ವಾರ್ಡಿಗೆ.
ಬೆನ್ನೆಲುಬಿನ್ಯಾಗ ಗಂಟು.
ಹತ್ತು ಮಿಲಿಗ್ರಾಂ, ನಾಲ್ಕು ತಾಸಿಗೊಮ್ಮೆ.
ಮೊದಲ ವಾರ ಅವನ ಮುಖ ನೋಡಬೇಕಿತ್ತು:
ಸಂತಿ ಗದ್ದಲ ಒಮ್ಮೆಲೆ ನಿಂತಂಗ.
ದಿಂಬಿಗೆ ಆತು ಕುಂತು ಎರಡು ಇಡ್ಲಿ ತಿಂದ.
ಆಮ್ಯಾಲೆ ಮೂವತ್ತು.
ಆಮ್ಯಾಲೆ ಅರವತ್ತು.

"ಗುಳಗಿ ಅಕ್ಕಾರ, ಮಾಲಿನ್ಯಾಗ ಬೆರಕಿ ಆಗೇತೇನು?
ಚಾವಿ ಅದಽ ಐತಿ,
ಹೋಗತೈತಿ, ತಿರುಗತೈತಿ,
ಬಾಗಲಾ ತೆರೀವಲ್ದು."

ಸ್ಟೂಲು ಎಳಕೊಂಡು ಕುಂತೆ.
ಸಾಬ್ರ, ನರದ ಕಣದ ಮೈತುಂಬ ಸಣ್ಣ ಸಣ್ಣ ಕೀಲಿ ಅದಾವ.
ನಿಮ್ಮ ಗುಳಗಿ ಹೊಕ್ಕು ತಿರುವಿದ್ರ
ನೋವಿನ ಸುದ್ದಿ ಮುಂದಕ ದಾಟೂದಿಲ್ಲ.
ಹಗಲು ರಾತ್ರಿ ತಿರುವಿಕೋಂತ ಹೋದ್ರ
ಕಣ ಆ ಕೀಲಿಯ ಬಾಲಕ್ಕ ರಂಜಕದ ಬೊಟ್ಟು ಇಡತೈತಿ.
ಬೊಟ್ಟು ನೋಡಿ ಅರೆಸ್ಟಿನ್ ಅಂತ ಒಬ್ಬ ಬರತಾನ,
ಅಡ್ಡ ನಿಲ್ಲತಾನ.
ಅಲ್ಲೇ ಗೋಡಿ ಕುಳಿ ಬೀಳತೈತಿ,
ಕುಳಿ ಚೀಲ ಆಗತೈತಿ,
ಕೀಲಿ ಸಮೇತ ಒಳಗ ಮುಳುಗತೈತಿ.

ನಕ್ಕ. ನಕ್ಕದ್ದಕ್ಕ ಬೆನ್ನು ಹಿಡಕೊಂಡ.
"ನಲವತ್ತು ವರ್ಷ ಕೀಲಿ ನೋಡೇನಿ.
ಚಾವಿ ಸವೀತಾವ, ಲಿವರ್ ಮುರೀತಾವ,
ಹುಡುಗೂರು ಕಡ್ಡಿ ತುರುಕತಾವ.
ಬಡದು ಬಡದು ಕರದ್ರ
ಎದ್ದು ಒಳಗ ಹೋಗಿ ಮಕ್ಕೊಳ್ಳೂ ಕೀಲಿ?
ಅದು ಕೀಲಿ ಅಲ್ರಿ ಅಕ್ಕಾರ.
ಅದು ನಮ್ಮ ಮಾವ, ಸಾಲ ವಸೂಲಿ ದಿನ."

ಆಮ್ಯಾಲೆ, ಮೆಲ್ಲಕ:
"ಒಳಗ ಹೋದದ್ದು ಹೊರಗ ಬರತೈತೇನು?"

ಕೆಲವು ಬೊಟ್ಟು ತೊಳಕೊಂಡು ಬರತಾವ,
ಧಾರವಾಡಕ್ಕ ಹೋದ ಬಸ್ಸು ತಿರುಗಿ ಬಂದಂಗ.
ಕೆಲವು ಗುಜರಿಗೆ.

ಅವತ್ತು ಬಸ್ ಸ್ಟಾಪಿನ್ಯಾಗ ನಿಂತಾಗ ಹೊಳೀತು,
ಅರ್ಧಽ ಹೇಳಿ ಬಂದೇನಿ.
ಹಂಗ ಒಳಗ ಹೋಗಿ ಬರೂದು
ಮೈ ತಾನಽ ಅರದ ಚಾವಿಗೆ ಚಂದಾಗಿ ಆಗತೈತಿ.
ಮಾರ್ಫಿನ್ ತಿರುವಿದ ಕೀಲಿ ಬಾಳಷ್ಟು ಅಲ್ಲೇ ನಿಲ್ಲತೈತಿ,
ಒಳಗೂ ಹೋಗದ, ತೊಳಕೊಳ್ಳದ,
ಬಾಗಲದ ಮ್ಯಾಲೆ, ಎಲ್ಲಾರ ಕಣ್ಣೆದುರಿಗೆ,
ಕೇಳಿಸಿಕೊಂಡೂ ಓ ಅನ್ನದ.
ಓದಿದವರೊಳಗೂ ಇದರ ಜಗಳ ಮುಗದಿಲ್ಲ.
ಮತ್ತ ಆ ಗಂಟು ಬ್ಯಾರೆ ಬೆಳ್ಯಾಕ ಹತ್ತಿತ್ತು:
ಕೀಲಿದೆಷ್ಟು, ಗಂಟಿಂದೆಷ್ಟು,
ತೂಗೂ ತಕ್ಕಡಿ ನಮ್ಮ ಆಸ್ಪತ್ರ್ಯಾಗ ಇಲ್ಲ.
ಬಸ್ಸು ಬಂತು, ಹತ್ತಿದೆ.

ಡಾಕ್ಟರ್ ಗುಳಗಿ ಬದಲಿಸಿದ್ರು. ಮೆಥಡೋನ್.
"ಇದು ಬ್ಯಾರೆ ಮಾಡಿದ್ದು," ಅಂದೆ.
ಅವ ಗುಳಗಿ ಬೆಳಕಿಗೆ ಹಿಡದು
ಅಂಚು ನೋಡಿದ, ಹಲ್ಲು ಎಣಿಸಿದಂಗ.
ಮೂರನೇ ರಾತ್ರಿ ನಿದ್ದಿ ಹತ್ತಿತು.
ಒಂಬತ್ತು ದಿನ ಅಂಗಡಿ ಮಾತಾಡಿದ,
ಯಾರ ತಿಜೂರಿ, ಯಾರ ಸೈಕಲ್ಲು,
ಯಾವ ಮದುಮಗಳ ಟ್ರಂಕು.

ಗುರುವಾರ ಮಗಳು ಜೈತುನಬಿ ಬಂದಳು
ಸ್ಟೀಲಿನ ಡಬ್ಬಿ ಹಿಡಕೊಂಡು.
ಮೇಜಿನ ಮ್ಯಾಲೆ ಸುರುವಿ ಎಣಿಸಿದ್ವಿ.
ಹದಿನಾಲ್ಕು.
ಮತ್ತೊಮ್ಮೆ ಎಣಿಸಿದ್ವಿ, ನಿಯಮ ಹಂಗೈತಿ.
'ವಾಪಸ್' ಅನ್ನೂ ಕಾಲಮಿನ್ಯಾಗ ಬರದೆ,
ಆಕಿ ಹೆಬ್ಬೆಟ್ಟು ಬ್ಯಾಡ ಅಂದು ಸಹಿ ಮಾಡಿದಳು,
ದೊಡ್ಡ ದೊಡ್ಡ ಅಕ್ಷರ.

ನನ್ನ ಕೀಲಿ ತೆರೀತು.
ಡಾಕ್ಟರದು ಹಠ ಹಿಡೀತು.
"ಸರ್," ಅಂದೆ, "ಚೂರು ಎತ್ತಿ ತಿರುವ್ರಿ."