ಗಾಜಿನ ರಬ್ಬರು

ಹಳೆಯ ರಬ್ಬರು ಚಕ್ಕುಲಿಯಂತೆ ಮುರಿದು ಬಂತು.
ಸಂದಿಯಲ್ಲಿ ಹತ್ತಿಯ ಎಳೆ.
ಮಿಲ್ಲು ಮುಚ್ಚಿ ಎಷ್ಟು ವರ್ಷವಾಯಿತು,
ಫಿಯೆಟ್ಟಿಗಿನ್ನೂ ಸುದ್ದಿ ಮುಟ್ಟಿಲ್ಲ.

ಕೊಯಮತ್ತೂರಿನ ಹೊಸದಕ್ಕೆ
'ಥೇಟ್ ಒರಿಜಿನಲ್' ಅಂತ ಚೀಟಿ;
ಮೂಲೆಗೆ ಬಂದರೆ ಅರ್ಧ ಬೆರಳು ಗಿಡ್ಡ.
ದಾದಾಪೀರ್ ಬೈಯಲಿಲ್ಲ,
ತಗಡಿನ ಮೇಲೆ ಒಣಹಾಕಿ ಚಹಾ ಕುಡಿದ.
"ದಾವಣಗೆರೆ ಬಿಸ್ಲು ಬಿಡ್ರಿ,
ಎಂಥದ್ನೂ ಮೆತ್ತಗ ಮಾಡ್ತತಿ."

ಸೋಪಿನ ನೀರು, ಸೀಳಿನೊಳಗೆ ಸುತ್ತಲೂ ದಾರ.
ಒಳಗೆ ಕೂತು ನಾನು ಎಳೆಯಬೇಕು,
ಹೊರಗಿಂದ ಅವನು ಅಂಗೈಯಲ್ಲಿ ಗುದ್ದಬೇಕು.
"ಮೆಲ್ಲಕ, ಅಕ್ಕಾರ,
ಗಾಯದ ಹೊಲಿಗಿ ಬಿಚ್ಚಿದಂಗ."

ಕೊನೆಯ ಗೇಣು
ಪಟ್ಟೆಂದು ಕೂತಿತು.
ಪಿ.ಬಿ. ರಸ್ತೆಯ ಲಾರಿಗಳೆಲ್ಲ
ಒಮ್ಮೆಲೇ ಪಕ್ಕದೂರಿಗೆ ಹೋದವು.

ಗಾಜಿನಾಚೆ ಅವನ ಬಾಯಿ ಆಡುತ್ತಿದೆ.
ಏನಂದನೋ, ತಲೆಯಾಡಿಸಿದೆ.

ಬಕೆಟ್ಟು ಎತ್ತೇಬಿಟ್ಟ.